ಹೂಂಗುಟ್ಟಲು ಒಬ್ಬರು

ಅವತ್ತು ಪಾರ್ಕಿನಲ್ಲಿ ಪವಾಡವೇನೂ ಆಗಲಿಲ್ಲ. ಬೆರಳು ಸೆಟೆದುಕೊಂಡಿದ್ದ ಒಬ್ಬ ಮುದುಕ ಗಿಟಾರು ನುಡಿಸಿದ. ನಾನು ಹೂಂಗುಟ್ಟಿದೆ. ಬಂದವರ ಊಟ ತಣ್ಣಗಾಯಿತು. ಆದದ್ದು ಇಷ್ಟೇ. ಯೂನಿಯನ್ ಸಿಟಿಯ ನಮ್ಮ ಕನ್ನಡದವರು ಮಾತ್ರ ಇದಕ್ಕೆ ಕೊಂಬು, ಬಾಲ ಎಲ್ಲ ಅಂಟಿಸಿದ್ದಾರೆ. ಸುಧಾಳ ಅಮ್ಮ ಸ್ಟೇಜು ಹತ್ತಿದರಂತೆ, ಮೈಕು ಹಿಡಿದರಂತೆ, ಸೆರಗು ಸಿಕ್ಕಿಸಿಕೊಂಡು ಕುಣಿದರಂತೆ. ನನ್ನ ಮಂಡಿಯ ಸಮಾಚಾರ ಬಲ್ಲವರು ಇದನ್ನು ನಂಬಬಾರದು. ನಾನು ಕೂತ ಚೇರಿನಿಂದ ಏಳಲಿಲ್ಲ. ಎದ್ದಿದ್ದರೆ ಮತ್ತೆ ಕೂರಿಸಲು ಜನ ಬೇಕಾಗುತ್ತಿತ್ತು.

ಆ ಚೇರು ಇನ್ನೂ ಇದೆ. ಮಡಚುವ ಚೇರು, ಹಸಿರು ಪಟ್ಟಿಯದು. ಒಂದು ಪಟ್ಟಿ ಕಿತ್ತು ಜೋತುಬಿದ್ದಿದೆ. ಮೊನ್ನೆ ಗರಾಜು ಖಾಲಿ ಮಾಡುತ್ತಿದ್ದ ಮಗಳು ಸುಧಾ ಅದನ್ನು ಎತ್ತಿ ಹಿಡಿದು, "ಅಮ್ಮಾ, ಇದನ್ನ ಬಿಸಾಕ್ಲಾ?" ಎಂದಳು.

"ಬಿಸಾಕು. ಅದ್ರ ಜೊತೆ ನನ್ನೂ ಬಿಸಾಕು" ಎಂದೆ.

ಚೇರು ಗರಾಜಿನಲ್ಲೇ ಉಳಿಯಿತು. ನನಗೆ ಹಳೆಯದೆಲ್ಲ ತಲೆಗೆ ಹತ್ತಿಕೊಂಡಿತು. ಹೇಳಿಬಿಡುತ್ತೇನೆ, ಕೇಳಿ. ಕೇಳುವಾಗ ಹೂಂ ಅನ್ನುತ್ತಿರಿ. ನಾನು ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಹೇಳುವುದು ಹಿಂದುಮುಂದಾದರೆ ನೀವೇ ಸರಿಮಾಡಿಕೊಳ್ಳಬೇಕು.

ಹೂಂಗುಟ್ಟುವುದು ನಾನು ಕಲಿತ ಮೊದಲ ಕೆಲಸ. ಸೆಗಣಿ ಬಾಚುವುದಕ್ಕಿಂತ ಮೊದಲು ಕಲಿತದ್ದು. ಮಂಡ್ಯದ ಕಡೆಯ ನಮ್ಮ ಊರಿನಲ್ಲಿ ಆಗ ಹಿಟ್ಟಿನ ಮಿಲ್ಲು ಇರಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಅವ್ವ ರಾಗಿಕಲ್ಲಿನ ಮುಂದೆ ಕಾಲು ಚಾಚಿ ಕೂರುತ್ತಿದ್ದಳು. ಎದುರಿಗೆ ನಾನು. ಗೂಟಕ್ಕೆ ಅವಳದೊಂದು ಕೈ, ನನ್ನದೊಂದು ಕೈ. ನನ್ನ ಕೈಯಿಂದ ಕಲ್ಲೇನೂ ತಿರುಗುತ್ತಿರಲಿಲ್ಲ, ಕಲ್ಲೇ ನನ್ನ ಕೈಯನ್ನು ತಿರುಗಿಸುತ್ತಿತ್ತು. ನನ್ನ ನಿಜವಾದ ಕೆಲಸ ಬಾಯಿಯದು. ಅವ್ವ ಪದ ಹೇಳುವಳು, ಪದದೊಳಗೆ ಕತೆ ಇರುವುದು, ಒಂದೊಂದು ಸಾಲಿನ ಕೊನೆಗೆ ನಾನು ಹೂಂ ಅನ್ನಬೇಕು. ಅನ್ನದಿದ್ದರೆ ಅವಳು ನಿಲ್ಲಿಸುತ್ತಿದ್ದಳು. ಗದರುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಸುಮ್ಮನೆ ನಿಲ್ಲಿಸುತ್ತಿದ್ದಳು. ಒಮ್ಮೆ ನನ್ನ ಬದಲು ಅಕ್ಕ ಕೂತಳು. ರಾಜಕುಮಾರ ಬಾವಿಗೆ ಇಳಿಯುವ ಹೊತ್ತಿಗೆ ಅಕ್ಕನಿಗೆ ನಿದ್ದೆ. ಅವ್ವ ಬಾಯಿ ಮುಚ್ಚಿಕೊಂಡು ರಾಗಿ ಬೀಸಿ ಮುಗಿಸಿದಳು. ಆ ರಾಜಕುಮಾರ ಮುಂದಿನ ಸಂತೆಯವರೆಗೂ ಬಾವಿಯಲ್ಲೇ ಇದ್ದ. ನಾನು ಹೋಗಿ ಕೂತು ಹೂಂಗುಟ್ಟಿದ ಮೇಲೆಯೇ ಅವನು ಮೇಲಕ್ಕೆ ಬಂದದ್ದು.

ಆ ಪದಗಳಿಗೆ ಇಷ್ಟೇ ಉದ್ದ ಅಂತ ಇರಲಿಲ್ಲ. ಮೊರದಲ್ಲಿ ರಾಗಿ ಎಷ್ಟಿದೆಯೋ ಪದ ಅಷ್ಟು ಉದ್ದ. ನೆಂಟರು ಬಂದು ರಾಗಿ ಜಾಸ್ತಿ ಬೀಸಬೇಕಾದರೆ ಅದೇ ಪದ ಹೊಲ ಸುತ್ತಿ, ಕೆರೆ ಸುತ್ತಿ, ಪಕ್ಕದ ಮನೆಯವಳ ಗಯ್ಯಾಳಿತನವನ್ನೂ ಮುಟ್ಟಿಕೊಂಡು ಬರುತ್ತಿತ್ತು. ಅವ್ವನೇ ಅಲ್ಲಲ್ಲಿ ಕಟ್ಟಿ ಸೇರಿಸುತ್ತಿದ್ದಳು. ಕೊನೆಯ ಹಿಡಿ ಕಲ್ಲಿನ ಬಾಯಿಗೆ ಬೀಳುವಾಗ ಸರಿಯಾಗಿ ಮೊದಲಿನ ಸಾಲಿಗೆ ಬಂದು ನಿಲ್ಲುವಳು. ಅದು ಹೇಗೆಂದು ನಾನು ಕೇಳಲಿಲ್ಲ. ಉಸಿರಾಡುವುದು ಹೇಗೆಂದು ಯಾರು ಕೇಳುತ್ತಾರೆ?

ಅವ್ವ ಹೋದಳು, ರಾಗಿಕಲ್ಲು ಹೋಯಿತು, ಹೂಂ ಮಾತ್ರ ನನಗೆ ಅಂಟಿಕೊಂಡಿತು. ಮೊಮ್ಮಗಳು ನವ್ಯಾಳನ್ನು ನೋಡಿಕೊಳ್ಳಲು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಈ ಯೂನಿಯನ್ ಸಿಟಿಗೆ ಬಂದಾಗ ಅದೂ ನನ್ನ ಜೊತೆ ವಿಮಾನ ಹತ್ತಿತು. ಟೀವಿಯಲ್ಲಿ ವಾರ್ತೆ ಓದುವವಳಿಗೆ ಹೂಂ ಅನ್ನುತ್ತಿದ್ದೆ. ಮಳೆ ಬರುತ್ತದೆ ಎಂದು ಹೇಳುವವನಿಗೆ ಹೂಂ ಅನ್ನುತ್ತಿದ್ದೆ. ಒಂದು ದಿನ ಮನೆಯಲ್ಲಿ ಒಬ್ಬಳೇ ಇರುವಾಗ ಫೋನು ಬಂತು. ಯಾವನೋ ಇಂಗ್ಲಿಷಿನಲ್ಲಿ ಹೇಳತೊಡಗಿದ. ದನಿ ಚೆನ್ನಾಗಿತ್ತು, ಪಾಪ, ಅಷ್ಟು ಹೊತ್ತು ಒಬ್ಬನೇ ಮಾತಾಡುತ್ತಿದ್ದಾನಲ್ಲ ಎಂದು ಸಾಲುಸಾಲಿಗೂ ಹೂಂಗುಟ್ಟಿದೆ. ಅವನೂ ಬಹಳ ಖುಷಿಯಿಂದ ಫೋನಿಟ್ಟ. ಮುಂದಿನ ವಾರದಿಂದ ಬಾಗಿಲಿಗೆ ದಿನಾ ಒಂದು ದಪ್ಪನೆಯ ನ್ಯೂಸ್ ಪೇಪರು ಬೀಳತೊಡಗಿತು.

ಅಳಿಯ ಮಹದೇವ ತಲೆ ಹಿಡಿದುಕೊಂಡ. "ಅತ್ತೆ, ನಿಮ್ ಕಾಲಿಗ್ ಬೀಳ್ತೀನಿ. ಈ ದೇಶದಲ್ಲಿ ಹೂಂ ಅಂದ್ರೆ ಒಪ್ಕೊಂಡಂಗೆ. ಫೋನಲ್ಲಿ ಇನ್ಮೇಲೆ ಹೂಂ ಅನ್ಬೇಡಿ."

"ಮತ್ತೆ ಅವಯ್ಯ ಸುಮ್ಕೆ ಗೋಡೆ ಜೊತೆ ಮಾತಾಡ್ಬೇಕಿತ್ತಾ?"

"ಹೌದು. ಅದಕ್ಕೇ ಅವನಿಗೆ ಸಂಬಳ ಕೊಡೋದು."

ಮಹದೇವ ಒಳ್ಳೆಯವನು. ಆದರೆ ಹೂಂಗುಟ್ಟುವ ಜಾತಿಯವನಲ್ಲ. ಮಗಳು ಇಡೀ ದಿನದ ಆಫೀಸಿನ ಕತೆ ಹೇಳುತ್ತಿದ್ದರೆ ಇವನು ಲ್ಯಾಪ್‌ಟಾಪು ನೋಡುತ್ತ ಕೂತಿರುತ್ತಿದ್ದ. ಗಂಡ ಹೆಂಡಿರ ನಡುವೆ ಅರ್ಧ ಜಗಳ ಇದರಿಂದಲೇ ಹುಟ್ಟುವುದು ಎಂದು ನಾನು ಹೇಳಿದ್ದೇನೆ. ಹೇಳಿದ್ದಕ್ಕೂ ಅವನು ಹೂಂ ಅನ್ನಲಿಲ್ಲ.

ಪೇಪರು ವ್ಯರ್ಥವಾಗಲಿಲ್ಲ. ಹಿಂದಿನ ಅಂಗಳದಲ್ಲಿ ಅದನ್ನು ಹರಡಿ, ಮೇಲೆ ಹಳೆಯ ಸೀರೆ ಹಾಸಿ ಸಂಡಿಗೆ ಇಡುತ್ತಿದ್ದೆ. ಇಲ್ಲಿನ ಬಿಸಿಲು ಸಂಡಿಗೆಗೆ ಬಹಳ ಒಳ್ಳೆಯದು. ಈ ದೇಶದ ಬಗ್ಗೆ ನನಗೆ ಮೊದಲು ಹಿಡಿಸಿದ್ದೇ ಆ ಬಿಸಿಲು. ಎರಡನೆಯದು, ಬೇಲಿಯಾಚೆಗಿನ ರೇ.

ರೇ ನಮ್ಮ ಪಕ್ಕದ ಮನೆಯವನು. ಅರವತ್ತು ದಾಟಿದ್ದ. ಪಕ್ಕದೂರು ಹೇವರ್ಡಿನ ಗೋಡೌನಿನಲ್ಲಿ ಕೆಲಸ ಮಾಡಿ ಬಿಟ್ಟವನು. ಹಿಂದೆ ಕಟ್ಟಿದ ಬಿಳಿ ಜುಟ್ಟು, ಮುಂದೆ ಬೋಳು. ಬೆಳಿಗ್ಗೆ ಗರಾಜಿನ ಬಾಗಿಲೆತ್ತಿ ಕ್ಯಾಸೆಟ್ಟು ಹಾಕಿದನೆಂದರೆ ನನ್ನ ಸಂಡಿಗೆಗೂ ಕೇಳುತ್ತಿತ್ತು. ಗಿಟಾರು, ಡ್ರಮ್ಮು, ಮಧ್ಯೆ ಜನರ ಕೂಗು. ಮೊದಲ ದಿನ ಟೇಪು ಸಿಕ್ಕಿಹಾಕಿಕೊಂಡಿದೆ ಎಂದುಕೊಂಡೆ. ನಾನು ಹಿಟ್ಟು ಕಾಯಿಸಿ ಬಂದು ಕೂತೆ, ಅದೇ ಹಾಡು. ಸಂಡಿಗೆ ಇಡುತ್ತ ಅರ್ಧ ಸೀರೆ ತುಂಬಿಸಿದೆ, ಅದೇ ಹಾಡು. ಹಾಡುವವನು ಎಂದೋ ಹಾಡಿ ಬಾಯಿ ಮುಚ್ಚಿದ್ದ, ಗಿಟಾರು ಮಾತ್ರ ಎಲ್ಲೆಲ್ಲೋ ಅಲೆಯುತ್ತಿತ್ತು. ಒಮ್ಮೆ ಅಳು, ಒಮ್ಮೆ ಪೋಕರಿತನ, ಒಮ್ಮೆ ಏನೂ ಇಲ್ಲದೆ ಒಂದೇ ಸ್ವರವನ್ನು ಹಿಡಿದು ಎಳೆಯುವುದು. ಸಂಡಿಗೆ ಹಿಟ್ಟಿನ ಪಾತ್ರೆ ಕೆರೆಯುವ ಹೊತ್ತಿಗೆ ಅದು ತಿರುಗಿ ಶುರುವಿನ ಜಾಗಕ್ಕೆ ಬಂತು. ಬಂದು ನಿಂತಿತು.

ನಾನು ಹಿಟ್ಟಿನ ಕೈ ಹಾಗೇ ಹಿಡಿದು ಕೂತೆ. ಭಾಷೆ ಬೇರೆ, ವಾದ್ಯ ಬೇರೆ, ನಡೆ ಮಾತ್ರ ಅವ್ವನದು. ಈ ಕಡೆಯವರು ಹೀಗೆ ಅಲೆದಾಡಿ ನುಡಿಸುವುದಕ್ಕೆ ಜ್ಯಾಮು ಅನ್ನುತ್ತಾರೆ ಎಂದು ಸುಧಾ ಆಮೇಲೆ ಹೇಳಿದಳು.

ಅಂದಿನಿಂದ ಬೇಲಿಯ ಈಚೆ ನನ್ನ ಚೇರು, ಆಚೆ ಅವನ ಕ್ಯಾಸೆಟ್ಟು. ಅವನಿಗೆ ಕನ್ನಡವಿಲ್ಲ, ನನಗೆ ಇಂಗ್ಲಿಷಿಲ್ಲ. ನಾನು ಕರಿದ ಸಂಡಿಗೆ ಕೊಟ್ಟರೆ ಅವನು ಹಿತ್ತಲ ನಿಂಬೆಹಣ್ಣು ಕೊಡುತ್ತಿದ್ದ. ಶನಿವಾರ ಸುಧಾ ಮನೆಯಲ್ಲಿದ್ದರೆ ನಮ್ಮಿಬ್ಬರ ಮಾತನ್ನು ಅತ್ತಿಂದಿತ್ತ ದಾಟಿಸುತ್ತಿದ್ದಳು. ಹಾಗೆ ಅವನ ಕತೆ ತಿಳಿಯಿತು. ಹರೆಯದಲ್ಲಿ ಅವನದೊಂದು ಬ್ಯಾಂಡು ಇತ್ತಂತೆ, ಆ ಕ್ಯಾಸೆಟ್ಟಿನಲ್ಲಿ ಇದ್ದದ್ದು ಅದೇ. ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ಹಾಲುಗಳಲ್ಲಿ ನುಡಿಸುತ್ತಿದ್ದರಂತೆ. ಗೋಡೆಯ ಮೇಲೆ ಬಣ್ಣದ ಎಣ್ಣೆಯ ಬೆಳಕು ಗುಳ್ಳೆಗುಳ್ಳೆಯಾಗಿ ಹರಿಯುವುದಂತೆ. ಜನ ನೆಲದ ಮೇಲೇ ಕೂರುವುದು, ಬಿದ್ದುಕೊಳ್ಳುವುದು, ಕುಣಿಯುವುದು. ಮನೆಯಲ್ಲಿ ಏನು ಗೊತ್ತುಮಾಡಿಕೊಂಡು ಹೋದರೂ ಅಲ್ಲಿ ಹಾಡು ಅವರ ಕೈ ತಪ್ಪಿಸಿಕೊಂಡು ಹೋಗುತ್ತಿತ್ತು.

"ಎಲ್ಲಿಗೆ ಹೋಗುತ್ತೆ ಅಂತ ಯಾರಿಗೂ ಗೊತ್ತಿರ್ತಾ ಇರ್ಲಿಲ್ವಂತೆ ಅಮ್ಮ" ಎಂದಳು ಸುಧಾ.

"ಗೊತ್ತಿದ್ರೆ ಹೋಗೋದ್ಯಾಕೆ?" ಎಂದೆ. ಅದನ್ನು ಅವಳು ದಾಟಿಸಿದಾಗ ರೇ ಬಹಳ ಹೊತ್ತು ನಕ್ಕ.

ಈಗ ಮುಖ್ಯದ್ದಕ್ಕೆ ಬರುತ್ತೇನೆ. ಮಹದೇವ ಕೆಲಸ ಮಾಡುತ್ತಿದ್ದದ್ದು ಇಂಟರ್ನೆಟ್ಟಿನಲ್ಲಿ ಹೂಗಿಡ ಮಾರುವ ಕಂಪನಿಯಲ್ಲಿ. ಕಂಪನಿ ಮಾರಿದ ಒಂದು ಗಿಡವನ್ನೂ ನಾನು ಕಣ್ಣಲ್ಲಿ ನೋಡಲಿಲ್ಲ. ಆದರೂ ಅವರಿಗೆ ವಾರಕ್ಕೊಂದು ಹಬ್ಬ. ಬೇಸಿಗೆಯಲ್ಲಿ ಹೇವರ್ಡಿನ ಹತ್ತಿರದ ಪಾರ್ಕಿನಲ್ಲಿ ಪಿಕ್ನಿಕ್ಕು ಎಂದಾಯಿತು. ಹಳೇ ಕಾಲದ ವೇಷ, ಹಳೇ ಕಾಲದ ಹಾಡು ಬೇಕೆಂದು ಅವರ ಬಾಸು ಆಸೆಪಟ್ಟ. ಆ ಹುಡುಗ ಆಫೀಸಿಗೆ ಚಡ್ಡಿಯಲ್ಲೇ ಬರುವವನು. ಹಾಡಿನ ಏರ್ಪಾಡು ಮಹದೇವನ ತಲೆಗೆ ಬಿತ್ತು. ಅವನು ಬೇಲಿಯಾಚೆ ನೋಡಿದ.

ರೇ ಒಪ್ಪಿದ. ಹಳೆಯ ಜೊತೆಗಾರರಲ್ಲಿ ಡ್ರಮ್ಮಿನವನನ್ನೂ ಬೇಸು ಗಿಟಾರಿನವನನ್ನೂ ಹೊಂದಿಸಿದ. ಇವನ ಗಿಟಾರಿಗೆ ಎದುರು ಮಾತು ಕೊಡುತ್ತಿದ್ದ ಆರ್ಗನ್ನಿನವನು ಮಾತ್ರ ಇರಲಿಲ್ಲ, ತೀರಿಕೊಂಡಿದ್ದ. ಸಣ್ಣ ಸಣ್ಣ ಹಾಡು ಸಾಕು, ಆಮೇಲೆ ಬಾಸು ಏನೋ ದೊಡ್ಡ ವಿಷಯ ಹೇಳುತ್ತಾನೆ ಎಂದ ಮಹದೇವ. ಕೊನೆಗೆ ಒಂದೇ ಒಂದು ಉದ್ದದ್ದಕ್ಕೆ ಅವಕಾಶ ಕೊಡಿ ಎಂದು ರೇ ಕೇಳಿಕೊಂಡ. ಕೇಳುವಾಗ ಎಡಗೈಯನ್ನು ಬಲಗೈಯಿಂದ ತಿಕ್ಕಿಕೊಳ್ಳುತ್ತಿದ್ದ. ಆ ಕೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಚಳಿಗಾಲದಿಂದ ಅವನ ಗರಾಜಿನಲ್ಲಿ ಕ್ಯಾಸೆಟ್ಟು ಕೇಳುತ್ತಿತ್ತೇ ಹೊರತು ಗಿಟಾರು ಕೇಳಿರಲಿಲ್ಲ.

ಪಿಕ್ನಿಕ್ಕಿನ ಹಿಂದಿನ ದಿನ ಅವನು ಬೇಲಿಯ ಹತ್ತಿರ ಬಂದು ಸುಧಾಳಿಗೆ ಏನೋ ಹೇಳಿ ಹೋದ. ಸುಧಾಳ ಮುಖ ಸಪ್ಪಗಾಯಿತು.

"ಏನಂತೆ?"

"ನಾಳೆ ಆ ಉದ್ದದ್ದು ನುಡಿಸೋಕಾಗದೆ ಹೋದ್ರೆ ಸೋಮವಾರ ಬೆಳಿಗ್ಗೆ ಗಿಟಾರನ್ನ ಮಾರ್ಗನ್ ಹಿಲ್ಲಿಗೆ ತಗೊಂಡು ಹೋಗಿ ತಂಗಿ ಮನೇಲಿ ಬಿಟ್ಟು ಬರ್ತಾನಂತೆ. ಇನ್ನು ಮುಟ್ಟಲ್ವಂತೆ. ನುಡಿಸ್ದೆ ಇರೋದು ಕಣ್ಮುಂದೆ ಇದ್ರೆ ಹಿಂಸೆ ಅಂತೆ."

"ಹಲ್ಲು ಬಿದ್ದೋದ್ರೆ ನಾಲಿಗೆ ಕತ್ತರಿಸ್ಕತಾರಾ?" ಎಂದೆ. ಅವಳು ಇದನ್ನು ಅವನಿಗೆ ದಾಟಿಸಲು ಹೋಗಲಿಲ್ಲ.

ಭಾನುವಾರ ಎಲ್ಲರಿಗೂ ಬಣ್ಣ ಕಲಸಿ ಚೆಲ್ಲಿದಂಥ ಟೀ ಶರ್ಟು ಹಂಚಿದರು. ನನಗೂ ಒಂದು. ಸೀರೆಯ ಮೇಲೆ ಹಾಕಿಕೊಂಡೆ. ಹಬ್ಬದ ಎತ್ತಿನ ಹಾಗೆ ಕಾಣುತ್ತಿದ್ದೆನೆಂದು ಫೋಟೋ ನೋಡಿದ ಮೇಲೆ ಗೊತ್ತಾಯಿತು. ಮಹದೇವ ನನ್ನ ಚೇರನ್ನು ಬ್ಯಾಂಡಿನ ಮುಂದೆಯೇ ಹಾಕಿದ. ಹಾಕಿ ಕಿವಿಯ ಹತ್ತಿರ ಬಗ್ಗಿ, "ಅತ್ತೆ, ಇಲ್ಲಿ ನಮ್ ಬಾಸು ಎಲ್ಲಾ ಇರ್ತಾರೆ. ಹೂಂ ಮಾತ್ರ ಬೇಡ" ಎಂದ.

"ಊಂಹೂಂ" ಎಂದೆ.

ಸಣ್ಣ ಹಾಡುಗಳು ಆದವು. ಚೆನ್ನಾಗಿಯೇ ಆದವು. ಕೇಳುವವರು ಯಾರು? ಒಬ್ಬ ಸೆಲ್ ಫೋನಿನಲ್ಲಿ ಮಾತಾಡುತ್ತ ಹುಲ್ಲಿನ ಮೇಲೆ ಗಾಣದೆತ್ತಿನಂತೆ ಸುತ್ತುತ್ತಿದ್ದ. ಕೆಲವರು ತಟ್ಟೆಯಂಥದ್ದನ್ನು ಎಸೆದು ಹಿಡಿಯುತ್ತಿದ್ದರು. ಉಳಿದವರು ಮಾಂಸ ಸುಡುವ ಕಡೆ ಮುಖ ಮಾಡಿದ್ದರು. ಯಾರೂ ಕೆಟ್ಟವರಲ್ಲ. ಆದರೆ ಒಬ್ಬ ಮನುಷ್ಯ ಎದುರು ನಿಂತು ಹೇಳುತ್ತಿರುವಾಗ ಹೂಂ ಅನ್ನಬೇಕೆಂದು ಅವರಿಗೆ ಯಾವ ಅವ್ವನೂ ಕಲಿಸಿರಲಿಲ್ಲ.

ಆಮೇಲೆ ರೇ ಕಣ್ಣು ಮುಚ್ಚಿ ಉದ್ದದ್ದನ್ನು ಶುರು ಮಾಡಿದ. ಬ್ಲೂಸು ಅನ್ನುವ ನಿಧಾನದ ಅಳುಹಾಡು. ಹಾಡುವ ಭಾಗ ಹಾಡಿ ಮುಗಿಸಿ, ಗಿಟಾರನ್ನು ಮುಂದಕ್ಕೆ ಬಿಟ್ಟ. ಶುರುವಿನಲ್ಲಿ ಹದವಾಗಿತ್ತು. ಇನ್ನೂ ಸ್ವಲ್ಪ ದೂರ ಹೋಗುವ ಹೊತ್ತಿಗೆ ಆ ಎರಡು ಬೆರಳು ಕೈಕೊಟ್ಟವು. ಓಡಬೇಕಾದ ಕಡೆ ಕುಂಟಿದ. ಮತ್ತೆ ಅಲ್ಲಿಗೇ ಬಂದ, ಮತ್ತೆ ಕುಂಟಿದ. ಒಂದೇ ತುಣುಕು ಸುತ್ತತೊಡಗಿತು. ನಾನು ಮೆಚ್ಚಿದವನ ವಿಷಯವೆಂದು ಸುಳ್ಳು ಹೇಳಲಾರೆ, ಕೆಟ್ಟದಾಗಿತ್ತು. ರಾಗಿ ಹಾಕುವುದನ್ನು ಮರೆತು ಬರೀ ಕಲ್ಲು ತಿರುಗಿಸಿದರೆ ಒಂದು ಸದ್ದು ಬರುತ್ತದೆ. ಕಲ್ಲು ಕಲ್ಲನ್ನೇ ತಿನ್ನುವ ಸದ್ದು. ಅದನ್ನು ಕೇಳಿದವರಿಗೆ ಹಲ್ಲು ಜುಮ್ಮೆನ್ನುತ್ತದೆ. ನನಗೆ ಹಾಗಾಯಿತು.

ಮಹದೇವ ವಾಚು ನೋಡಿದ. ಚಡ್ಡಿಯ ಬಾಸು ಎದ್ದು ಮೈಕಿನ ಕಡೆ ಹೊರಟ. ರೇ ಕಣ್ಣು ಬಿಟ್ಟು ಡ್ರಮ್ಮಿನವನ ಕಡೆ ತಿರುಗಿದ. ಮುಗಿಸೋಣ ಎನ್ನುವ ನೋಟ ಅದು, ಅದಕ್ಕೆ ಯಾವ ಭಾಷೆಯೂ ಬೇಡ. ಮಾರ್ಗನ್ ಹಿಲ್ಲಿನ ದಾರಿ ನನ್ನ ಕಣ್ಣಿಗೇ ಕಂಡಿತು. ಅವನ ಕೈ ತಂತಿಯ ಮೇಲೆ ನಿಂತು ಒಂದು ಚೂರು ಖಾಲಿ ಬಿತ್ತು.

"ಹೂಂ" ಎಂದೆ.

ಬೇಕೆಂದು ಅಂದದ್ದಲ್ಲ. ಸಾಲು ಮುಗಿದಲ್ಲಿ ಬಾಯಿ ತಾನಾಗಿ ಅಂದಿತು. ನನ್ನ ದನಿ ಹೊಲದ ದನಿ, ಅಷ್ಟು ದೂರದ ಮಾಂಸದ ಒಲೆಯವರೂ ತಿರುಗಿ ನೋಡಿದರು. ನವ್ಯಾ ನನ್ನ ಮೊಣಕೈ ಎಳೆದು, "ಅಜ್ಜೀ, ಹಿ ಈಸ್ ನಾಟ್ ಟಾಕಿಂಗ್ ಟು ಯೂ" ಎಂದಳು.

"ಮಾತಾಡ್ತಾವ್ನೆ. ನೀ ಸುಮ್ಕಿರು."

ರೇ ನನ್ನ ಕಡೆ ನೋಡಿದ. ಮೊದಲು ಗಲಿಬಿಲಿ. ಆಮೇಲೆ ಒಂದು ಸಣ್ಣ ತುಣುಕು ನುಡಿಸಿದ, ಪರೀಕ್ಷೆ ಮಾಡುವವನ ಹಾಗೆ. ನುಡಿಸಿ ನಿಲ್ಲಿಸಿದ.

"ಹೂಂ."

ಇನ್ನೊಂದು ತುಣುಕು. ಇದು ಕೊಂಚ ಕೊಂಕಿನದು. ಕೊನೆಯ ಸ್ವರವನ್ನು ಬಗ್ಗಿಸಿ ಹಾಗೇ ತೂಗಿಬಿಟ್ಟ, ಹೇಳಲೋ ಬೇಡವೋ ಅನ್ನುವಂತೆ.

"ಹೂಂ, ಆಮೇಲೆ?"

ಅಲ್ಲಿಂದ ದಾರಿ ಬಿಟ್ಟುಕೊಂಡಿತು. ಅವನು ಓಡುವುದನ್ನು ಬಿಟ್ಟ. ಆ ಎರಡು ಬೆರಳಿಲ್ಲದೆ ಏನು ಹೇಳಬಹುದೋ ಅಷ್ಟನ್ನೇ ಹೇಳಿದ, ಬಿಡಿಸಿ ಬಿಡಿಸಿ ಹೇಳಿದ. ಮೂರು ಸ್ವರ ಇಟ್ಟು ಜಾಗ ಬಿಡುವನು. ಆ ಜಾಗದಲ್ಲಿ ನಾನು. ಸ್ವಲ್ಪ ಹೊತ್ತಿಗೆ ನನ್ನ ಹಿಂದಿನಿಂದ ಯಾರೋ "ಯೆಸ್ಸಾ" ಎಂದರು. ಸೆಲ್ ಫೋನಿನವನು ಫೋನನ್ನು ಜೇಬಿಗಿಟ್ಟು ಹತ್ತಿರ ಬಂದು ನಿಂತ. ಡ್ರಮ್ಮಿನವನು ಹಲ್ಲು ಬಿಟ್ಟ, ಅವನ ಕೈಗೂ ಹರೆಯ ಬಂತು. ತಟ್ಟೆ ಎಸೆಯುವವರು ನಿಂತರು. ಹೂಂ ಅನ್ನುವವರು ನಾಲ್ಕು ದಿಕ್ಕಿಗೂ ಆದರು, ಅವರವರ ಭಾಷೆಯಲ್ಲಿ. ಬಾಸು ಮೈಕಿನ ಹತ್ತಿರವೇ ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತ. ಅವನು ಹೇಳಬೇಕಿದ್ದ ದೊಡ್ಡ ವಿಷಯ ಏನೆಂದು ಯಾರೂ ಕೇಳಲಿಲ್ಲ. ಆಮೇಲಾಮೇಲೆ ಆ ಕಂಪನಿಯೇ ಮುಚ್ಚಿಹೋಯಿತು. ಆ ವಿಷಯ ಅದರ ಜೊತೆ ಎಲ್ಲಿ ಹೋಯಿತೋ. ಆ ಗಿಟಾರಿನ ಮಾತನ್ನು ಮಾತ್ರ ಅಲ್ಲಿದ್ದವರು ಇನ್ನೂ ಆಡುತ್ತಾರೆ.

ಎಷ್ಟು ಹೊತ್ತು ನುಡಿಸಿದನೋ ನಾನು ನೋಡಲಿಲ್ಲ. ಒಲೆಯ ಕೆಂಡ ಬೂದಿಯಾಗಿತ್ತು, ನವ್ಯಾ ನನ್ನ ತೊಡೆಯ ಮೇಲೆ ತಲೆಯಿಟ್ಟು ಹುಲ್ಲು ಕೀಳುತ್ತಿದ್ದಳು. ಇಳಿಜಾರಿಗೆ ಬಂದಾಗ ನನಗೆ ಮೊದಲೇ ಗೊತ್ತಾಯಿತು. ಮೊರದಲ್ಲಿ ರಾಗಿ ಮುಗಿಯುತ್ತ ಬಂದರೆ ಬೀಸುವ ಕೈ ಹಗುರಾಗುತ್ತದೆ. ಅವನ ಕೈ ಹಗುರಾಯಿತು. ಎಲ್ಲಿಂದ ಹೊರಟಿದ್ದನೋ ಆ ಮೊದಲ ಸಾಲಿಗೆ ಬಂದು, ಅದನ್ನು ಇನ್ನೊಂದು ಸಲ ಸಾವಕಾಶವಾಗಿ ಹೇಳಿ, ಬಿಟ್ಟ.

ಜನ ಕಿರುಚಿದರು. ನಾನು ಕಿರುಚಲಿಲ್ಲ, ಗಂಟಲು ಒಣಗಿತ್ತು. ರೇ ಬೆವರು ಒರೆಸಿಕೊಳ್ಳುತ್ತ ಬಂದು ನನ್ನ ಚೇರಿನ ಪಕ್ಕ ನೆಲದ ಮೇಲೆ ಕೂತು ಸುಧಾಳನ್ನು ಏನೋ ಕೇಳಿದ.

"ನೀನು ಅಂದದ್ದಕ್ಕೆ ಏನರ್ಥ ಅಂತ ಕೇಳ್ತಿದಾನೆ."

"ಏನೂ ಇಲ್ಲ ಅನ್ನು. ನಿಲ್ಲಿಸ್ಬೇಡ ಅಂತ ಅಷ್ಟೇ."

ಅವಳು ಹೇಳಿದಳು. ಅವನು ತಲೆಯಾಡಿಸಿ, ತಗ್ಗಿದ ದನಿಯಲ್ಲಿ ಇನ್ನೇನೋ ಹೇಳಿದ. ಹಳೆಯ ಕ್ಯಾಸೆಟ್ಟುಗಳಲ್ಲಿ ಗಿಟಾರಿಗಿಂತ ಹೆಚ್ಚಾಗಿ ಅವನು ಕೇಳುತ್ತಿದ್ದದ್ದು ನಡುವಿನ ಜನರ ಕೂಗಂತೆ. ಆ ಹಾಲುಗಳು ಹೋದವು, ಜನ ಹೋದರು, ಆ ಕೂಗು ಮಾತ್ರ ಟೇಪಿನಲ್ಲಿ ಉಳಿಯಿತಂತೆ.

ಮನೆಗೆ ಬರುವಾಗ ಫ್ರೀವೇಯಲ್ಲಿ ಮಹದೇವ ಕಾರು ಓಡಿಸುತ್ತಿದ್ದ. ಸುಧಾ ಮೊದಲಿನಿಂದ ಎಲ್ಲವನ್ನೂ ಮತ್ತೆ ಹೇಳುತ್ತಿದ್ದಳು, ತಾನೊಬ್ಬಳೇ ನೋಡಿದವಳ ಹಾಗೆ. ಒಂದು ಕಡೆ ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ ಮಹದೇವ "ಹೂಂ" ಎಂದ. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಆದರೆ ಗಿಟಾರು ಉಳಿಯುವುದೋ ಮಾರ್ಗನ್ ಹಿಲ್ಲಿಗೆ ಹೋಗುವುದೋ ರೇ ಹೇಳಿರಲಿಲ್ಲ. ನಾವು ಕೇಳಿರಲಿಲ್ಲ. ಒಂದು ದಿನ ಚೆನ್ನಾಗಿ ನುಡಿಸಿದೆ, ಇಷ್ಟು ಸಾಕು ಎಂದು ಕೊಟ್ಟುಬಿಡುವವರೂ ಇರುತ್ತಾರೆ. ಗಂಡಸರಿಗೆ ಆ ಶೋಕಿ ಹೆಚ್ಚು.

ಮಾರನೆಯ ಬೆಳಿಗ್ಗೆ ನವ್ಯಾಳನ್ನು ಡೇಕೇರಿಗೆ ಕಳಿಸಿ ಬಾಗಿಲಲ್ಲಿ ನಿಂತಿದ್ದೆ. ರೇಯ ಸಣ್ಣ ಟ್ರಕ್ಕು ಅವನ ಮನೆಯ ಮುಂದೆ ರಸ್ತೆಗೆ ಬೆನ್ನು ಮಾಡಿ ನಿಂತಿತ್ತು. ಗರಾಜಿನ ಬಾಗಿಲು ತೆರೆದಿತ್ತು. ಅವನು ಗಿಟಾರಿನ ಕರಿಯ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು, ಟ್ರಕ್ಕನ್ನೊಮ್ಮೆ ಗರಾಜನ್ನೊಮ್ಮೆ ನೋಡುತ್ತ ನಿಂತಿದ್ದ. ನಾನು ಒಳಗೆ ಹೋದೆ. ಫ್ರಿಜ್ಜಿನಿಂದ ಮೆಂತ್ಯ ಸೊಪ್ಪಿನ ಕಟ್ಟು ತೆಗೆದುಕೊಂಡೆ, ಇನ್ನೊಂದು ಕೈಯಲ್ಲಿ ಹಸಿರು ಪಟ್ಟಿಯ ಚೇರು. ಅವನ ಟ್ರಕ್ಕಿನ ಹಿಂದಕ್ಕೆ ಹೋಗಿ, ನನ್ನನ್ನು ಎಬ್ಬಿಸದೆ ಅದು ರಸ್ತೆಗೆ ಇಳಿಯಲಾರದ ಹಾಗೆ ಚೇರು ಬಿಚ್ಚಿ ಕೂತೆ. ಸೊಪ್ಪಿನ ಕಟ್ಟನ್ನು ಮಡಿಲಲ್ಲಿಟ್ಟು ದಾರ ಬಿಚ್ಚಿದೆ.

"ಹೂಂ" ಎಂದೆ.